ಪದ್ಮನಾಭನ್ ಪಲ್ಪು

ಡಾ. ಪದ್ಮನಾಭನ್ ಪಲ್ಪು (2 ನವೆಂಬರ್ 1863 – 25 ಜನವರಿ 1950) ಮೈಸೂರು ಸಂಸ್ಥಾನದಲ್ಲಿ ಸೇವೆ ಸಲ್ಲಿಸಿದ ವೈದ್ಯರು ಹಾಗೂ ಕೇರಳದ ಸಮಾಜ ಸುಧಾರಕರು. ಸಿಡುಬು ಮತ್ತು ಪ್ಲೇಗ್ ಎಂಬ ಎರಡು ಸಾಂಕ್ರಾಮಿಕ ರೋಗಗಳು ಇವರ ವೃತ್ತಿಜೀವನದ ದಿಕ್ಕನ್ನು ನಿರ್ಧರಿಸಿದವು.

ಆರಂಭಿಕ ಜೀವನ ಮತ್ತು ಶಿಕ್ಷಣ

ಪಲ್ಪು ಅವರು ತಿರುವನಂತಪುರದ ಪೇಟ್ಟ ಎಂಬಲ್ಲಿ ಈಳವ ಕುಟುಂಬದಲ್ಲಿ ಜನಿಸಿದರು. ತಿರುವಾಂಕೂರಿನಲ್ಲಿ ವೈದ್ಯಕೀಯ ವ್ಯಾಸಂಗದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಜಾತಿಯ ಕಾರಣದಿಂದ ಅವರಿಗೆ ಪ್ರವೇಶ ದೊರೆಯಲಿಲ್ಲ. ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಎಲ್.ಎಂ.ಎಸ್. ಪದವಿ ಪಡೆದು ಮರಳಿದಾಗಲೂ ತಾಯ್ನಾಡಿನ ಸರ್ಕಾರಿ ವೈದ್ಯ ಹುದ್ದೆ ಅವರಿಗೆ ಸಿಗಲಿಲ್ಲ.

ಮೈಸೂರು ಸಂಸ್ಥಾನದ ಸೇವೆ

ಆ ಕಾಲದಲ್ಲಿ ಸಿಡುಬಿನ ಭಯ ಎಲ್ಲೆಡೆ ಇತ್ತು. ದೇವಿ ಹಾಕಲು ಬೇಕಾದ ಲಸಿಕೆಯನ್ನು ಕರುಗಳ ಮೈಮೇಲೆ ಬೆಳೆಸಿ ತೆಗೆಯಲಾಗುತ್ತಿತ್ತು. ಬಿಸಿಲಿಗೆ ಬೇಗ ಕೆಡುವ ಈ ಲಸಿಕೆಯ ತಯಾರಿಕೆಗೆ ತರಬೇತಿ ಪಡೆದ ವೈದ್ಯರ ಅಗತ್ಯವಿತ್ತು. ಪಲ್ಪು ಅವರು ಮೊದಲು ಮದ್ರಾಸಿನಲ್ಲಿ ಲಸಿಕೆ ವಿಭಾಗದಲ್ಲಿ ದುಡಿದು, ಅನಂತರ ಮೈಸೂರು ಸಂಸ್ಥಾನದ ಸೇವೆಗೆ ಸೇರಿ ಬೆಂಗಳೂರಿನಲ್ಲಿ ನೆಲೆಸಿದರು.

ಪ್ಲೇಗ್ ಮತ್ತು ಉನ್ನತ ವ್ಯಾಸಂಗ

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್ 1898ರ ಆಗಸ್ಟ್‌ನಲ್ಲಿ ಬೆಂಗಳೂರನ್ನು ತಲುಪಿತು. ಇಲಿಗಳ ಚಿಗಟಗಳಿಂದ ರೋಗ ಹರಡುತ್ತದೆ ಎಂಬುದು ಆಗಿನ್ನೂ ಸರ್ವಸಮ್ಮತವಾಗಿರಲಿಲ್ಲ. ಖಚಿತವಾದ ಔಷಧಿಯೂ ಇರಲಿಲ್ಲ. ಜನರು ಮನೆಗಳನ್ನು ತೊರೆದು ಊರ ಹೊರಗಿನ ಗುಡಿಸಲುಗಳಿಗೆ ತೆರಳಿದರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ವಿ. ಪಿ. ಮಾಧವ ರಾವ್ ಪ್ಲೇಗ್ ಕಮಿಷನರ್ ಆಗಿದ್ದರು. ಪಲ್ಪು ಅವರು ಸೋಂಕಿನ ಅಪಾಯವನ್ನು ಲೆಕ್ಕಿಸದೆ ಪ್ಲೇಗ್ ಶಿಬಿರದಲ್ಲಿ ರೋಗಿಗಳ ಆರೈಕೆ ಮಾಡಿದರು.

ಮುಂದೆ ಮೈಸೂರು ಸರ್ಕಾರದ ನೆರವಿನಿಂದ ಇಂಗ್ಲೆಂಡಿಗೆ ತೆರಳಿ ಸಾರ್ವಜನಿಕ ಆರೋಗ್ಯ ವಿಷಯದಲ್ಲಿ ಉನ್ನತ ವ್ಯಾಸಂಗ ಮಾಡಿದರು. ಹಿಂತಿರುಗಿದ ಬಳಿಕ ಬೆಂಗಳೂರಿನ ಆರೋಗ್ಯಾಧಿಕಾರಿಯಾಗಿ ಕಾರ್ಯನಿರ್ವಹಿಸಿದರು. ಹೀಗೆ ರೋಗಿಗೆ ಚಿಕಿತ್ಸೆ ನೀಡುವ ವೈದ್ಯವೃತ್ತಿಯಿಂದ ಊರಿಗೇ ರೋಗ ಬಾರದಂತೆ ತಡೆಯುವ ನೈರ್ಮಲ್ಯದ ಕ್ಷೇತ್ರಕ್ಕೆ ಅವರ ಕಾರ್ಯವ್ಯಾಪ್ತಿ ವಿಸ್ತರಿಸಿತು.

ಸಾಮಾಜಿಕ ಕಾರ್ಯ

ತಮಗೆ ಮುಚ್ಚಿದ ಬಾಗಿಲು ಇತರರಿಗೆ ತೆರೆಯಬೇಕೆಂಬುದು ಪಲ್ಪು ಅವರ ಹಂಬಲವಾಗಿತ್ತು. 1891ರ ಮಲಯಾಳಿ ಮನವಿಗೆ ಸಹಿ ಹಾಕಿದ ಪ್ರಮುಖರಲ್ಲಿ ಅವರೂ ಒಬ್ಬರು. ಈಳವರಿಗೆ ಶಾಲಾ ಪ್ರವೇಶ ಹಾಗೂ ಸರ್ಕಾರಿ ಉದ್ಯೋಗ ನೀಡಬೇಕೆಂದು 1896ರಲ್ಲಿ 13,176 ಜನರ ಸಹಿಯುಳ್ಳ ಮನವಿಯನ್ನು ತಿರುವಾಂಕೂರು ಮಹಾರಾಜರಿಗೆ ಸಲ್ಲಿಸಿದರು. ಕವಿ ಕುಮಾರನ್ ಆಶಾನ್ ಅವರು ಬೆಂಗಳೂರಿನಲ್ಲಿ ಸಂಸ್ಕೃತ ಕಲಿಯುವಾಗ ಪಲ್ಪು ಅವರ ಆಶ್ರಯದಲ್ಲಿದ್ದರು. 1903ರಲ್ಲಿ ಶ್ರೀ ನಾರಾಯಣ ಗುರುಗಳ ಅಧ್ಯಕ್ಷತೆಯಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಂ ಸ್ಥಾಪನೆಯಾಗುವಲ್ಲಿ ಅವರ ಪಾತ್ರ ಪ್ರಮುಖವಾದುದು.

ಅವರ ಪುತ್ರ ನಟರಾಜ ಗುರುಗಳು ನಾರಾಯಣ ಗುರುಗಳ ಶಿಷ್ಯರಾಗಿ, ನಾರಾಯಣ ಗುರುಕುಲದ ಸ್ಥಾಪಕರಾಗಿ ಪ್ರಸಿದ್ಧರಾದರು.