ಅಯ್ಯಂಕಾಳಿಯವರ ಎತ್ತಿನ ಗಾಡಿ

ಆಗಸ್ಟ್ 28 ಬಂದರೆ ನಮ್ಮ ಮಕ್ಕಳಿಗೆ ಶಾಲೆಗೆ ರಜೆ. ಯಾಕೆ ರಜೆ ಅಂತ ಕೇಳಿದರೆ ಅಯ್ಯಂಕಾಳಿ ಜಯಂತಿ ಅಂತಾರೆ. ಅವರು ಏನು ಮಾಡಿದ್ರು ಅಂತ ಕೇಳಿದರೆ ಸುಮ್ಮನಾಗ್ತಾರೆ. ಮಕ್ಕಳನ್ನು ದೂರಿ ಏನು ಪ್ರಯೋಜನ? ನಾವು ದೊಡ್ಡವರು ಹೇಳಿಕೊಟ್ಟದ್ದಾದರೂ ಎಷ್ಟು? ಅದಕ್ಕೇ ನಮ್ಮ ಸಂಘದ ಈ ಸಂಚಿಕೆಯಲ್ಲಿ ಅವರ ಬದುಕಿನ ನಾಲ್ಕು ಮಾತು.

ಅಯ್ಯಂಕಾಳಿ ಹುಟ್ಟಿದ್ದು 1863ರಲ್ಲಿ, ತಿರುವನಂತಪುರದ ಹತ್ತಿರದ ವೆಂಗಾನೂರಿನಲ್ಲಿ. ತಂದೆ ಅಯ್ಯನ್, ತಾಯಿ ಮಾಲ. ಆಗ ನಮ್ಮ ಕಾಸರಗೋಡು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅವರ ಊರು ತಿರುವಾಂಕೂರು ರಾಜರ ಆಳ್ವಿಕೆಯಲ್ಲಿತ್ತು. ಅಲ್ಲಿ ಗುಲಾಮ ಪದ್ಧತಿ 1855ರಲ್ಲೇ ರದ್ದಾಗಿತ್ತು. ಆದರೆ ಅದು ಕಾಗದದಲ್ಲಿ ಮಾತ್ರ. ಅವರ ಪುಲಯ ಸಮುದಾಯದವರು ಎಲ್ಲರ ಹಾಗೆ ರಸ್ತೆಯಲ್ಲಿ ನಡೆಯುವ ಹಾಗಿಲ್ಲ, ಒಳ್ಳೆ ಬಟ್ಟೆ ಉಡುವ ಹಾಗಿಲ್ಲ, ಶಾಲೆಯ ಮೆಟ್ಟಿಲು ಹತ್ತುವ ಹಾಗಿಲ್ಲ. ಅಯ್ಯಂಕಾಳಿಯವರಿಗೂ ಅಕ್ಷರ ಸಿಗಲಿಲ್ಲ.

1893ರಲ್ಲಿ, ಮೂವತ್ತರ ಪ್ರಾಯದಲ್ಲಿ, ಅವರು ಒಂದು ಎತ್ತಿನ ಗಾಡಿ ತಗೊಂಡ್ರು. ಮೇಲ್ಜಾತಿಯ ಸಿರಿವಂತರು ಮಾತ್ರ ಕೂರುತ್ತಿದ್ದ ಸವಾರಿ ಗಾಡಿ ಅದು. ಮಲಯಾಳದಲ್ಲಿ ವಿಲ್ಲುವಂಡಿ ಅಂತಾರೆ. ಬಿಳಿ ಮುಂಡು ಉಟ್ಟು, ತಲೆಗೆ ಮುಂಡಾಸು ಸುತ್ತಿ, ಎತ್ತಿನ ಕೊರಳ ಗಂಟೆ ಕೇಳಿಸುವ ಹಾಗೆ ರಾಜರಸ್ತೆಯಲ್ಲಿ ಹೊರಟರು. ಅಡ್ಡ ಬಂದವರಿಗೆ ಹೆದರಿ ಹಿಂದೆ ತಿರುಗಲಿಲ್ಲ. ಐದು ವರ್ಷದ ನಂತರ, 1898ರಲ್ಲಿ, ಬಾಲರಾಮಪುರದ ಚಾಲಿಯರ ಬೀದಿಯಲ್ಲಿ ಅವರ ಜೊತೆ ನಡೆದು ಹೋದವರ ಮೇಲೆ ಹಲ್ಲೆ ಆಯಿತು. ಇವರೂ ಎದುರು ನಿಂತರು. ರಕ್ತ ಹರಿಯಿತು.

ಇಲ್ಲಿ ಸ್ವಲ್ಪ ಯೋಚನೆ ಮಾಡುವ. ಆ ಗಾಡಿ ಯಾರ ಗದ್ದೆಯನ್ನು ಕಿತ್ತುಕೊಂಡಿತು? ಯಾರ ದಾರಿ ಕಟ್ಟಿತು? ಯಾರದ್ದೂ ಇಲ್ಲ. ನೋವಾದದ್ದು ಕೆಲವರ ಜಾತಿಯ ಜಂಬಕ್ಕೆ ಮಾತ್ರ. ಒಬ್ಬನ ಸ್ವಾತಂತ್ರ್ಯಕ್ಕೆ ಮಿತಿ ಬೇಕು, ನಿಜ. ಇನ್ನೊಬ್ಬನ ಮೈಗೆ, ದುಡಿಮೆಗೆ, ದಾರಿಗೆ, ನಿದ್ದೆಗೆ ತೊಂದರೆ ಆಗುವಲ್ಲಿ ನಾವು ನಿಲ್ಲಬೇಕು. ಇನ್ನೊಬ್ಬನ ಜಂಬಕ್ಕೆ ಪೆಟ್ಟಾಗ್ತದೆ ಅಂತ ನಿಲ್ಲಬೇಕಾಗಿಲ್ಲ.

ಮುಂದೆ ಅವರು ಹಿಡಿದದ್ದು ಶಾಲೆಯ ವಿಷಯ. 1904ರಲ್ಲಿ ಊರಿನಲ್ಲೇ ಒಂದು ಶಾಲೆ ಕಟ್ಟಿದರು. ಅದಕ್ಕೆ ಬೆಂಕಿ ಬಿತ್ತು. 1907ರಲ್ಲಿ ಸಾಧುಜನ ಪರಿಪಾಲನ ಸಂಘ ಕಟ್ಟಿದರು. ಮಕ್ಕಳನ್ನು ಶಾಲೆಗೆ ಸೇರಿಸಿ ಅಂತ ಸರ್ಕಾರದ ಆದೇಶ ಬಂದರೂ ಬಾಗಿಲು ತೆರೆಯಲಿಲ್ಲ. ನಮ್ಮ ಮಕ್ಕಳಿಗೆ ಪಾಠ ಇಲ್ಲದಿದ್ದರೆ ನಿಮ್ಮ ಗದ್ದೆಗೆ ನಾವಿಲ್ಲ ಅಂತ ಕೂಲಿಯವರು ಕೆಲಸ ಬಿಟ್ಟರು. ಗದ್ದೆಯಲ್ಲಿ ಕಳೆ ಬೆಳೆಯಿತು, ಗುಡಿಸಲಲ್ಲಿ ಒಲೆ ಉರಿಯಲಿಲ್ಲ. ಕಡಲ ಕರೆಯ ಮೀನುಗಾರರು ಅವರನ್ನು ದೋಣಿ ಕೆಲಸಕ್ಕೆ ಸೇರಿಸಿಕೊಂಡರು. ಹಾಗೆ ಹಸಿವನ್ನು ತಡೆದುಕೊಂಡು ನಿಂತರು. ಕೆಲಸಕ್ಕೆ ಬಾ ಅಂತ ಕರೆಯುವ ಹಕ್ಕು ಒಡೆಯನಿಗೆ ಉಂಟಾದರೆ, ಬರುವುದಿಲ್ಲ ಅನ್ನುವ ಹಕ್ಕು ದುಡಿಯುವವನಿಗೂ ಉಂಟು ಅಂತ ತೋರಿಸಿದ ಮುಷ್ಕರ ಅದು.

ಊರೂಟ್ಟಂಬಲದ ಶಾಲೆಗೆ ಪಂಚಮಿ ಎಂಬ ಪುಟ್ಟ ಹುಡುಗಿಯನ್ನು ಅಯ್ಯಂಕಾಳಿಯವರೇ ಕೈ ಹಿಡಿದು ಕರೆದುಕೊಂಡು ಹೋಗಿ ಕೂರಿಸಿದರು. ಒಂದು ಹೆಣ್ಣು ಮಗು ಬೆಂಚಿನಲ್ಲಿ ಕೂತದ್ದಕ್ಕೆ ಶಾಲೆಯನ್ನೇ ಸುಟ್ಟರು! ಅರ್ಧ ಸುಟ್ಟ ಆ ಬೆಂಚನ್ನು ಅಲ್ಲಿ ಉಳಿಸಿಕೊಂಡಿದ್ದಾರೆ.

ಪುಲಯ ಹೆಂಗಸರು ಕೊರಳಿಗೆ ಕಲ್ಲುಮಣಿಯ ಸರವನ್ನೇ ಹಾಕಬೇಕು ಅಂತ ಕಟ್ಟಳೆ ಇತ್ತು. ಜಾತಿಯ ಗುರುತು ಅದು. 1915ರಲ್ಲಿ ಕೊಲ್ಲಂ ಹತ್ತಿರದ ಪೆರಿನಾಡಿನಲ್ಲಿ ಅದನ್ನು ಕಿತ್ತೆಸೆಯುವ ಚಳವಳಿ ನಡೆದಾಗ ಗುಡಿಸಲುಗಳು ಸುಟ್ಟವು. ಆಮೇಲೆ ಕೊಲ್ಲಂನಲ್ಲಿ ಅಯ್ಯಂಕಾಳಿಯವರಿದ್ದ ಸಭೆಯಲ್ಲೇ ಹೆಂಗಸರು ಎದ್ದು ನಿಂತು ಸರ ತೆಗೆದು ರಾಶಿ ಹಾಕಿದರು. ತನ್ನ ಕೊರಳಲ್ಲಿ ಏನಿರಬೇಕು ಅಂತ ತಾನೇ ತೀರ್ಮಾನ ಮಾಡುವುದಕ್ಕಿಂತ ದೊಡ್ಡ ಸ್ವಾತಂತ್ರ್ಯ ಯಾವುದು?

ಅಕ್ಷರ ಬಾರದ ಈ ಮನುಷ್ಯ 1911ರ ಕೊನೆಗೆ ತಿರುವಾಂಕೂರಿನ ಪ್ರಜಾಸಭೆಗೆ ನಾಮನಿರ್ದೇಶನಗೊಂಡು, ಎರಡು ದಶಕಕ್ಕೂ ಹೆಚ್ಚು ಕಾಲ ತನ್ನ ಜನರಿಗೆ ಭೂಮಿ, ಶಾಲೆ ಕೇಳುತ್ತಾ ಬಂದರು. 1937ರಲ್ಲಿ ಗಾಂಧೀಜಿ ವೆಂಗಾನೂರಿಗೆ ಬಂದಾಗಲೂ ತನಗಾಗಿ ಏನೂ ಕೇಳಲಿಲ್ಲ. ಸಾಯುವ ಮೊದಲು ತನ್ನ ಸಮುದಾಯದಲ್ಲಿ ಹತ್ತು ಮಂದಿ ಬಿ.ಎ. ಆದವರನ್ನು ನೋಡಬೇಕು ಅನ್ನುವ ಆಸೆ ಹೇಳಿಕೊಂಡರು. 1941ರ ಜೂನ್ 18ರಂದು ತೀರಿಕೊಂಡರು.

ಈಗ ನಮ್ಮ ವಿಷಯ. ನಮ್ಮ ಹುಡುಗರ ಹತ್ತಿರ ಬೈಕು ಉಂಟು, ರಸ್ತೆ ಎಲ್ಲರದ್ದು. ಸಂತೋಷ. ಆದರೆ ರಾತ್ರಿ ಹನ್ನೊಂದಕ್ಕೆ ಸೈಲೆನ್ಸರ್ ಬಿಚ್ಚಿ ಕಾಲನಿಯೊಳಗೆ ಓಡಿಸಿದರೆ ಅದು ಅಯ್ಯಂಕಾಳಿಯವರ ಗಾಡಿ ಆಗುವುದಿಲ್ಲ ಮಾರಾಯ್ರೇ. ಆ ಗಂಟೆ ಮಲಗಿದ್ದ ಸಮಾಜವನ್ನು ಎಬ್ಬಿಸಿತು. ಈ ಶಬ್ದ ತೊಟ್ಟಿಲ ಮಗುವನ್ನು, ಕಾಯಿಲೆಯ ಅಜ್ಜಿಯನ್ನು ಎಬ್ಬಿಸ್ತದೆ.

ಅದಕ್ಕಿಂತ ದೊಡ್ಡದು ಇನ್ನೊಂದು ಉಂಟು. ಹೊರಗೆ ಸಮಾನತೆ ಅಂತ ಘೋಷಣೆ ಕೂಗಿ, ಮನೆಗೆ ಬಂದು ತಂಗಿಯ ಮೊಬೈಲ್ ಕಿತ್ತುಕೊಳ್ಳುವ ಅಣ್ಣಂದಿರು ನಮ್ಮಲ್ಲಿಲ್ಲವೇ? ಅವಳು ಯಾವ ಬಟ್ಟೆ ಹಾಕಬೇಕು, ಮಂಗಳೂರಿಗೆ ಓದಲು ಹೋಗಬೇಕೋ ಬೇಡವೋ ಅಂತ ಅವಳನ್ನು ಬಿಟ್ಟು ಮನೆಯವರೆಲ್ಲ ತೀರ್ಮಾನ ಮಾಡುವುದಿಲ್ಲವೇ? ಆಗ ನಾವು ಕೂತದ್ದು ಅಯ್ಯಂಕಾಳಿಯವರ ಗಾಡಿಯಲ್ಲಿ ಅಲ್ಲ, ಆ ಗಾಡಿಗೆ ಅಡ್ಡ ನಿಂತವರ ಸಾಲಿನಲ್ಲಿ.

ಮುಂದಿನ ಆಗಸ್ಟ್ 28ಕ್ಕೆ ಅವರ ಪಟಕ್ಕೆ ಹಾರ ಹಾಕುವ ಮೊದಲು ಪ್ರತಿಯೊಬ್ಬರೂ ನಮ್ಮ ಮನೆಯ ಪಂಚಮಿಗೆ ದಾರಿ ಬಿಟ್ಟಿದ್ದೇವಾ ಅಂತ ನೋಡಿಕೊಳ್ಳುವ. ಜೈ ಭೀಮ್.