ಗಾಜಿನ ಪಾತ್ರೆಯಲ್ಲೊಂದು ಕೆರೆ : ರಾಬರ್ಟ್ ವಾರಿಂಗ್ಟನ್ನರ ಜೀವನ

ಮನೆಯ ಮೂಲೆಯಲ್ಲಿ ಗಾಜಿನ ಬೋಗುಣಿಯೊಂದನ್ನಿರಿಸಿ, ಅದರಲ್ಲಿ ಒಂದೆರಡು ಬಣ್ಣದ ಮೀನುಗಳನ್ನು ಬಿಟ್ಟು ನೋಡಿ ಆನಂದಿಸುವ ಹವ್ಯಾಸವು ಈ ಮುಂಬಯಿ ನಗರದಲ್ಲಿ ಬಹು ಮಂದಿಗೆ ಉಂಟು. 1951ರಲ್ಲಿ ಇಲ್ಲಿಯ ಕಡಲದಂಡೆಯಲ್ಲಿ ತಾರಾಪೋರವಾಲಾ ಮತ್ಸ್ಯಾಲಯವು ಸ್ಥಾಪಿತವಾದ ಮೇಲೆ ಮಕ್ಕಳಲ್ಲಿ ಈ ಆಸೆಯು ಇನ್ನಷ್ಟು ಬೆಳೆಯಿತು. ಆದರೆ ಪ್ರೀತಿಯಿಂದ ಕೊಂಡು ತಂದ ಮೀನು ಎಂಟು ದಿನಗಳೊಳಗೆ ಸತ್ತು ತೇಲುವುದನ್ನು ಕಂಡು ಕಣ್ಣೀರಿಟ್ಟ ಮಕ್ಕಳೂ ನಮ್ಮ ತರಗತಿಗಳಲ್ಲಿ ಕಡಮೆಯಿಲ್ಲ. ದಿನವೂ ನೀರು ಬದಲಾಯಿಸಿ, ಬೇಕಾದಷ್ಟು ಆಹಾರ ಹಾಕಿದರೂ ಅದು ಬದುಕಲಿಲ್ಲವೇಕೆ ಎಂದು ಅವರು ನಮ್ಮನ್ನು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರದ ಮೊದಲ ಭಾಗವನ್ನು ಜಗತ್ತಿಗೆ ತಿಳಿಸಿದ ಮಹನೀಯರೇ ರಾಬರ್ಟ್ ವಾರಿಂಗ್ಟನ್ನರು. ಅವರ ಜೀವನವನ್ನು ಸಂಗ್ರಹವಾಗಿ ಇಲ್ಲಿ ನಿರೂಪಿಸುತ್ತೇವೆ.

ವಾರಿಂಗ್ಟನ್ನರು 1807ನೆಯ ಇಸವಿ ಸೆಪ್ಟೆಂಬರ್ 7ರಂದು ಇಂಗ್ಲೆಂಡಿನ ಕೆಂಟ್ ಪ್ರಾಂತದ ಶೀರ್ನೆಸ್ ಎಂಬ ಊರಿನಲ್ಲಿ ಜನಿಸಿದರು. ಇನ್ನೂ ಬಾಲಕರಾಗಿದ್ದಾಗಲೇ, 1822ರಲ್ಲಿ, ಲಂಡನ್ನಿನ ರಸಾಯನಶಾಸ್ತ್ರಜ್ಞರಾದ ಕೂಪರ್ ಎಂಬವರ ಬಳಿ ಶಿಷ್ಯವೃತ್ತಿಯನ್ನು ಕೈಕೊಂಡರು. 1828ರಲ್ಲಿ ಹೊಸತಾಗಿ ತೆರೆದ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಟರ್ನರ್ ಎಂಬ ಪ್ರಾಧ್ಯಾಪಕರಿಗೆ ಸಹಾಯಕರಾದರು. ಅನಂತರ ಕೆಲವು ವರ್ಷ ಒಂದು ದೊಡ್ಡ ಮದ್ಯ ತಯಾರಿಕೆಯ ಕಾರ್ಖಾನೆಯಲ್ಲಿ ರಸಾಯನಜ್ಞರಾಗಿ ದುಡಿದರು. ವಿದ್ವಾಂಸರನ್ನೆಲ್ಲ ಒಂದೆಡೆ ಕೂಡಿಸಬೇಕೆಂಬ ಹಂಬಲ ಅವರದು. 1841ರಲ್ಲಿ ಲಂಡನ್ನಿನ ರಸಾಯನ ಸಂಘವು ಹುಟ್ಟಿದುದು ಮುಖ್ಯವಾಗಿ ಅವರ ಓಡಾಟದ ಫಲ. ಮೊದಲ ಹತ್ತು ವರ್ಷ ಅದರ ಗೌರವ ಕಾರ್ಯದರ್ಶಿಯ ಹೊರೆಯನ್ನೂ ಅವರೇ ಹೊತ್ತರು. 1842ರಿಂದ ಔಷಧಕಾರರ ಸಂಘದಲ್ಲಿ ರಸಾಯನಜ್ಞರಾಗಿ ನಿಯುಕ್ತರಾದರು. ಹಸಿರು ಚಹದ ಎಲೆಗಳಿಗೆ ನೀಲಿ ಬಣ್ಣವನ್ನೂ ಜಿಪ್ಸಮ್ ಪುಡಿಯನ್ನೂ ಲೇಪಿಸಿ ಮಾರುತ್ತಿದ್ದ ವಂಚನೆಯನ್ನು 1844ರಲ್ಲಿ ಪರೀಕ್ಷೆಯಿಂದ ಬಯಲಿಗೆಳೆದವರೂ ಅವರೇ.

ಆ ಸಂಘದ ಭವನವು ಥೇಮ್ಸ್ ನದಿಗೆ ಸಮೀಪದ ಬ್ಲ್ಯಾಕ್‌ಫ್ರೈಯರ್ಸ್ ಎಂಬಲ್ಲಿತ್ತು. ಆಗಿನ ಥೇಮ್ಸ್ ನದಿಯು ಇಡಿಯ ಲಂಡನ್ನಿನ ಹೊಲಸನ್ನು ಹೊತ್ತು ಹರಿಯುತ್ತಿತ್ತು. 1848 ಮತ್ತು 1849ರ ಕಾಲರಾ ಜಾಡ್ಯದಲ್ಲಿ ಆ ನಗರದಲ್ಲಿ ಸುಮಾರು 14,000 ಮಂದಿ ಮಡಿದರು. ನೀರು ಕೆಡುವುದೆಂದರೇನು, ಕೆಡದಂತೆ ಉಳಿಯುವುದೆಂದರೇನು ಎಂಬುದು ಅಂದಿನ ಲಂಡನ್ನಿಗೆ ಪ್ರಾಣದ ಪ್ರಶ್ನೆಯಾಗಿತ್ತು. ಅದೇ 1849ರ ಮೇ ತಿಂಗಳಿನಲ್ಲಿ ವಾರಿಂಗ್ಟನ್ನರು ತಮ್ಮ ಪ್ರಸಿದ್ಧ ಪ್ರಯೋಗವನ್ನು ಆರಂಭಿಸಿದರು.

ಜೋಸೆಫ್ ಪ್ರೀಸ್ಟ್ಲಿಯವರು 1771ರಲ್ಲಿ ಉರಿಯುವ ಬತ್ತಿಯಿಂದ ಕೆಟ್ಟ ಗಾಳಿಯನ್ನು ಸಸ್ಯವು ಮತ್ತೆ ಶುದ್ಧಗೊಳಿಸುವುದೆಂದು ಕಂಡಿದ್ದರು. ಅದಕ್ಕೆ ಬೆಳಕು ಅವಶ್ಯವೆಂಬುದನ್ನು 1779ರಲ್ಲಿ ಇಂಗೆನ್‌ಹೌಸ್ ಎಂಬವರು ತೋರಿಸಿಕೊಟ್ಟಿದ್ದರು. ಗಾಳಿಯಲ್ಲಿ ನಡೆಯುವ ಈ ಕೊಡುಕೊಳ್ಳುವಿಕೆಯು ನೀರಿನಲ್ಲಿಯೂ ನಡೆಯುವುದಾದರೆ, ನೀರನ್ನು ಬದಲಾಯಿಸದೆಯೇ ಮೀನು ಬದುಕಬೇಕಷ್ಟೆ ? ವಾರಿಂಗ್ಟನ್ನರು ಇದನ್ನು ಪರೀಕ್ಷಿಸಲು ಸುಮಾರು 12 ಗ್ಯಾಲನ್, ಎಂದರೆ 54 ಲೀಟರಿನಷ್ಟು ಹಿಡಿಯುವ ಗಾಜಿನ ಪಾತ್ರೆಯನ್ನು ತೆಗೆದುಕೊಂಡರು. ಅದರಲ್ಲಿ ಅರ್ಧದಷ್ಟು ಮಾತ್ರ ಚಿಲುಮೆಯ ನೀರನ್ನು ತುಂಬಿದರು. ತಳದಲ್ಲಿ ಮರಳನ್ನೂ ಕೆಸರನ್ನೂ ಹರಡಿ, ಮೀನು ನುಸುಳಿ ಮರೆಯಾಗುವಂತೆ ಕೆಲವು ಕಲ್ಲುಗಳನ್ನು ಜೋಡಿಸಿದರು. ವ್ಯಾಲಿಸ್ನೇರಿಯ ಎಂಬ ಪಟ್ಟಿಯಂಥ ಎಲೆಗಳ ನೀರುಗಿಡವನ್ನು ಕೆಸರಿನಲ್ಲಿ ನೆಟ್ಟು, ಅದು ಕಿತ್ತು ತೇಲದಂತೆ ಬೇರಿನ ಮೇಲೊಂದು ಕಲ್ಲನ್ನಿರಿಸಿದರು. ಲಂಡನ್ನಿನ ಹೊಗೆಯ ಮಸಿ ಬೀಳದಿರಲೆಂದು, ಆದರೆ ಗಾಳಿಯಾಡಲೆಂದು, ಬಾಯಿಗೆ ತೆಳುವಾದ ಮಸ್ಲಿನ್ ಬಟ್ಟೆಯನ್ನು ಹೊದಿಸಿದರು. ಕೊನೆಗೆ ಎರಡು ಪುಟ್ಟ ಹೊಂಬಣ್ಣದ ಮೀನುಗಳನ್ನು ಬಿಟ್ಟರು.

ಮೊದಮೊದಲು ಎಲ್ಲವೂ ನೆಟ್ಟಗೆ ನಡೆಯಿತು. ಕೆಲವು ಕಾಲದ ಮೇಲೆ ಗಿಡದ ಹಳೆಯ ಎಲೆಗಳು ಕೊಳೆಯತೊಡಗಿದವು. ನೀರು ಕದಡಿತು, ಗಾಜಿನ ಮೇಲೂ ನೀರಿನ ಮೇಲೂ ಹಸಿರು ಹಾವಸೆ ಕಟ್ಟಿತು. ಹೀಗೆಯೇ ಬಿಟ್ಟರೆ ಮೀನುಗಳ ಮರಣವು ನಿಶ್ಚಿತವಾಗಿತ್ತು. ಬೇರೊಬ್ಬರಾಗಿದ್ದರೆ ಪಾತ್ರೆಯನ್ನು ಬರಿದುಮಾಡಿ ತೊಳೆದಿಡುತ್ತಿದ್ದರೇನೋ. ವಾರಿಂಗ್ಟನ್ನರಾದರೋ ನಿಜವಾದ ಕೆರೆಯಲ್ಲಿ ಈ ಕಸವನ್ನು ತೆಗೆಯುವವರು ಯಾರು ಎಂದು ಯೋಚಿಸಿದರು. ಕೊಳದ ಐದಾರು ಬಸವನಹುಳುಗಳನ್ನು ತಂದು ಬಿಟ್ಟರು. ಅವು ಕೊಳೆತ ಎಲೆಯನ್ನೂ ಹಾವಸೆಯನ್ನೂ ಮೇದು ತೀರಿಸಿದವು, ನೀರು ತಿಳಿಯಾಯಿತು. ಅವುಗಳ ಮೊಟ್ಟೆಗಳು ಮೀನುಗಳಿಗೆ ಆಹಾರವಾದವು. ಮೀನು ಹೊರಬಿಟ್ಟ ಇಂಗಾಲಾಮ್ಲ ವಾಯುವನ್ನು ಗಿಡವು ಹೀರಿ, ಬೆಳಕಿನ ಬಲದಿಂದ ಆಮ್ಲಜನಕವನ್ನು ಮರಳಿ ನೀಡಿತು. ಈ ಫಲವನ್ನು ಅವರು 1850ರಲ್ಲಿ ರಸಾಯನ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು.

ಮುಂದೆ ಅವರು ಸಮುದ್ರದ ನೀರಿನಲ್ಲಿಯೂ ಇಂಥದೇ ಪ್ರಯೋಗಗಳನ್ನು ನಡೆಸಿದರು. ಅದೇ ದಾರಿಯಲ್ಲಿ ಬೇರೆಯಾಗಿ ಸಾಗುತ್ತಿದ್ದ ಫಿಲಿಪ್ ಹೆನ್ರಿ ಗಾಸ್ ಎಂಬವರು 1854ರಲ್ಲಿ ಬರೆದ ಗ್ರಂಥದಿಂದ ಅಕ್ವೇರಿಯಮ್ ಎಂಬ ಹೆಸರು ಮನೆಮಾತಾಯಿತು. ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ಸುಂಕವು 1845ರಲ್ಲಿಯೇ ರದ್ದಾಗಿದ್ದುದರಿಂದ ಮಧ್ಯಮ ವರ್ಗದ ಮನೆಗಳಲ್ಲಿಯೂ ಗಾಜಿನ ತೊಟ್ಟಿಗಳು ಕಾಣಿಸಿಕೊಂಡವು. 1864ರಲ್ಲಿ ವಾರಿಂಗ್ಟನ್ನರು ರಾಯಲ್ ಸೊಸೈಟಿಯ ಸದಸ್ಯರಾದರು. 1867ರ ನವೆಂಬರ್ 17ರಂದು ಡೆವನ್ ಪ್ರಾಂತದಲ್ಲಿ ಕೀರ್ತಿಶೇಷರಾದರು.

ಅವರ ಉತ್ತರವು ಪೂರ್ಣವಾದುದೇನಲ್ಲ. ಮೀನಿನ ಮಲದಿಂದಲೂ ಮಿಕ್ಕ ಆಹಾರದಿಂದಲೂ ಹುಟ್ಟುವ ಅಮೋನಿಯ ಎಂಬ ವಿಷದ ಗತಿಯೇನು ? ಈ ಉಳಿದ ಭಾಗದ ಮೇಲೆ ಬೆಳಕು ಬೀರಿದವರಲ್ಲಿ ಅವರ ಮಗನೂ ಒಬ್ಬರೆಂಬುದು ಸ್ವಾರಸ್ಯದ ಸಂಗತಿ. ತಂದೆಯ ಹೆಸರನ್ನೇ ಹೊತ್ತ ಕಿರಿಯ ರಾಬರ್ಟ್ ವಾರಿಂಗ್ಟನ್ನರು ರಾಥಮ್‌ಸ್ಟೆಡ್ ಕೃಷಿ ಸಂಶೋಧನಾಲಯದಲ್ಲಿ 1877ರಿಂದ ಹೊಲದ ಮಣ್ಣನ್ನು ಅಭ್ಯಾಸಮಾಡಿ, ಅಮೋನಿಯವು ಎರಡು ಹಂತಗಳಲ್ಲಿ ಬೇರೆ ಬೇರೆ ಸೂಕ್ಷ್ಮಜೀವಿಗಳಿಂದ ನೈಟ್ರೇಟ್ ಆಗಿ ಮಾರ್ಪಡುವುದೆಂದು ತೋರಿಸಿದರು. ಮಣ್ಣಿನಲ್ಲಿ ನಡೆಯುವ ಈ ಕಾರ್ಯವೇ ಮೀನಿನ ತೊಟ್ಟಿಯ ಮರಳಿನಲ್ಲಿಯೂ ಕಲ್ಲಿನ ಮೇಲೂ ನಡೆಯುತ್ತದೆ. ಆ ನೈಟ್ರೇಟನ್ನು ಗಿಡವು ಗೊಬ್ಬರವಾಗಿ ಹೀರುತ್ತದೆ.

ನಮ್ಮ ಮಕ್ಕಳ ಪ್ರಶ್ನೆಗೆ ಈಗ ಉತ್ತರವು ದೊರೆಯಿತು. ಮೇಲಿಂದ ಮೇಲೆ ತೊಳೆದ ಬರಿಯ ಬೋಗುಣಿಯಲ್ಲಿ ಗಿಡವೂ ಇಲ್ಲ, ಬಸವನಹುಳುವೂ ಇಲ್ಲ, ಸೂಕ್ಷ್ಮಜೀವಿಗಳಿಗೆ ನೆಲೆಯೂ ಇಲ್ಲ. ಸಾಲದುದಕ್ಕೆ ನಲ್ಲಿಯ ನೀರಿನ ಕ್ಲೋರಿನ್ ಬೇರೆ. ಆದುದರಿಂದ ತೊಟ್ಟಿಯನ್ನು ಮಾಡಬಯಸುವವರು ಬಾಯಿ ಅಗಲವಾದ ಪಾತ್ರೆಯನ್ನು ಆರಿಸಿ, ಮಣ್ಣು ಮರಳು ಹರಡಿ, ಕ್ಲೋರಿನ್ ತೆಗೆದ ನೀರನ್ನು ತುಂಬಿ, ಮೊದಲು ಗಿಡಗಳನ್ನು ನೆಡಲಿ. ಎತ್ತರದ ಗಿಡಗಳು ಹಿಂದೆ, ಕುಳ್ಳಾದವು ಮುಂದೆ ಇರಲಿ. ಬೆಳಕು ಇರಲಿ, ಸುಡುವ ಬಿಸಿಲು ಬೇಡ. ಗಿಡ ಬೇರೂರಲು ಕೆಲವು ವಾರ ಕಾದು, ಆಮೇಲೆ ಒಂದೆರಡಾಗಿ ಸಣ್ಣ ಜಾತಿಯ ಮೀನುಗಳನ್ನು ಬಿಡಲಿ. ಹೊಂಬಣ್ಣದ ಮೀನು ಬಹು ದೊಡ್ಡದಾಗಿ ಬೆಳೆಯುವುದರಿಂದ ಕಿರಿದಾದ ತೊಟ್ಟಿಗೆ ಅದು ತಕ್ಕುದಲ್ಲವೆಂದು ಇಂದು ತಿಳಿದಿದ್ದೇವೆ. ನೀರನ್ನು ಪೂರ್ತಿ ಚೆಲ್ಲದೆ ಆಗಾಗ ಸ್ವಲ್ಪ ಭಾಗವನ್ನು ಮಾತ್ರ ಬದಲಾಯಿಸಲಿ. ಆಹಾರವನ್ನು ಮಿತವಾಗಿ ಹಾಕಲಿ.

ವಿದ್ಯಾರ್ಥಿಗಳೇ, ತೊಟ್ಟಿಯ ಮುಂದೆ ನಿಂತವರ ಕಣ್ಣು ಮೊದಲು ಮೀನಿನ ಮೇಲೆಯೇ ಬೀಳುತ್ತದೆ. ಬಸವನಹುಳುವನ್ನು ಯಾರೂ ಹೊಗಳುವುದಿಲ್ಲ. ಆದರೆ ಆ ಮೀನಿನ ಪ್ರಾಣ ಉಳಿದುದು ಆ ಹುಳುವಿನಿಂದ. ನಾವೂ ದೂರದ ಊರುಗಳಿಂದ ಬಂದು, ಇಲ್ಲಿಯ ಕಿರಿದಾದ ಕೋಣೆಗಳಲ್ಲಿ ಬೇರೂರಿದವರು. ಬೆಳಗಿನ ಜಾವದಲ್ಲಿ ನಮ್ಮ ಚಾಳುಗಳ ಕಸವನ್ನು ಗುಡಿಸಿ ಒಯ್ಯುವ, ಗಟಾರಗಳನ್ನು ಶುಚಿಗೊಳಿಸುವ ಕೈಗಳು ಒಂದು ವಾರ ಸುಮ್ಮನಾದರೆ ಈ ಮಹಾನಗರದ ಗತಿ ಏನಾದೀತೆಂದು ಯೋಚಿಸಿರಿ. ಅವರ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು ? ತೊಟ್ಟಿಯನ್ನು ಮಾಡುವವರು ಮಾಡಿರಿ. ಆಗದವರು ನಾಳೆ ಬೆಳಗ್ಗೆ ಎದ್ದು ಆ ಹೆಸರನ್ನಾದರೂ ಕೇಳಿ ತಿಳಿಯಿರಿ.