ಕುಮಾರ ಗಂಧರ್ವರ ಆರು ವರ್ಷಗಳ ಮೌನ

ತಂಬೂರಿಯ ಬುರುಡೆ ಸೀಳಿದರೆ ಮೀರಜದ ಕುಶಲಕರ್ಮಿಗಳ ಕೈಗೆ ಕೊಟ್ಟು ಸರಿಪಡಿಸಿಕೊಳ್ಳಬಹುದು. ಸರಿಹೋಗದಿದ್ದರೆ ಬೇರೊಂದನ್ನು ತರಿಸಿಕೊಳ್ಳಬಹುದು. ಗಾಯಕನಿಗೆ ಆ ಸೌಕರ್ಯವಿಲ್ಲ. ಅವನ ವಾದ್ಯವು ಹನ್ನೆರಡು ಜೊತೆ ಪಕ್ಕೆಲುಬುಗಳ ಗೂಡಿನೊಳಗೇ ಇರುವಂಥದು. ಪಕ್ಕೆಲುಬುಗಳು ಮೇಲೆದ್ದು, ವಪೆಯು ಕೆಳಗಿಳಿದು, ಪುಪ್ಪುಸಗಳು ತುಂಬಿಕೊಂಡ ಗಾಳಿಯನ್ನು ಹಿಡಿತಹಿಡಿತವಾಗಿ ಹೊರಬಿಡುವುದರಲ್ಲಿಯೇ ಆಲಾಪದ ನೀಳತೆ, ತಾನಿನ ಓಟ ಎರಡೂ ಅಡಗಿವೆ. ಆ ಎದೆಗೂಡೇ ಶಿಥಿಲವಾದಾಗ ಗಾಯಕನು ಏನು ಮಾಡಬೇಕು? ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಕೀರ್ತಿಯ ಏರುಹಾದಿಯಲ್ಲಿದ್ದಾಗಲೇ ಈ ಪ್ರಶ್ನೆಯನ್ನು ಎದುರಿಸಬೇಕಾಗಿ ಬಂದವರು ನಮ್ಮ ಬೆಳಗಾವಿ ಜಿಲ್ಲೆಯ ಸುಳೇಭಾವಿಯವರಾದ ಪಂಡಿತ ಕುಮಾರ ಗಂಧರ್ವರು.

ಅವರ ಹುಟ್ಟು ಹೆಸರು ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ. 1924ರ ಏಪ್ರಿಲ್ 8ರಂದು ಕನ್ನಡ ಮನೆಮಾತಿನ ಲಿಂಗಾಯತ ಕುಟುಂಬವೊಂದರಲ್ಲಿ ಅವರ ಜನನವಾಯಿತು. ತಂದೆ ಸಿದ್ಧರಾಮಯ್ಯನವರಿಗೆ ಸಂಗೀತದ ಒಲವು ಇತ್ತು. ಮನೆಯಲ್ಲಿ ಹಾಡು ಹೊಸದಾಗಿರಲಿಲ್ಲ. ಆದರೆ ಬಾಲಕನಲ್ಲಿ ಕಂಡುಬಂದ ಶಕ್ತಿ ಮನೆಯವರ ನಿರೀಕ್ಷೆಯನ್ನು ಮೀರಿದುದಾಗಿತ್ತು. ಅಂದಿನ ಹಿರಿಯ ಗಾಯಕರ ಗ್ರಾಮಾಫೋನ್ ತಟ್ಟೆಗಳನ್ನು ಕೇಳಿ, ಅವರ ರಾಗವಿಸ್ತಾರವನ್ನೂ ತಾನುಗಳನ್ನೂ ಇದ್ದುದು ಇದ್ದಂತೆಯೇ ಹಾಡಿ ತೋರಿಸುತ್ತಿದ್ದ ಆ ಎಳೆಯನನ್ನು ಕಂಡು ಬೆರಗಾದ ಲಿಂಗಾಯತ ಮಠಾಧೀಶರೊಬ್ಬರು ‘ಕುಮಾರ ಗಂಧರ್ವ’ ಎಂಬ ಬಿರುದನ್ನಿತ್ತು ಹರಸಿದರು. ಬಿರುದೇ ಮುಂದೆ ಹೆಸರಾಯಿತು. ಶಿವಪುತ್ರನೆಂಬ ಹೆಸರು ಕಡತಗಳಲ್ಲಿ ಮಾತ್ರ ಉಳಿಯಿತು. ಬಾಲಗಾಯಕನ ಕಚೇರಿಗಳು ಊರಿಂದೂರಿಗೆ ನಡೆದವು. ಹತ್ತು ಹನ್ನೊಂದರ ವಯಸ್ಸಿನಲ್ಲಿಯೇ ಅಲಹಾಬಾದ್, ಮುಂಬಯಿಗಳ ಸಂಗೀತ ಸಮ್ಮೇಳನಗಳಲ್ಲಿ ಹಾಡಿ, ಘಟಾನುಘಟಿಗಳಾದ ಉಸ್ತಾದರು ತಲೆದೂಗುವಂತೆ ಮಾಡಿದರು.

ಈ ಮೆಚ್ಚುಗೆಯಲ್ಲಿ ಒಂದು ಅಪಾಯವೂ ಇದ್ದಿತು. ಪರರ ಗಾಯನವನ್ನು ಅನುಕರಿಸುವ ಬಾಲಪ್ರತಿಭೆಗಳು ದನಿಯೊಡೆಯುವ ವಯಸ್ಸಿನಲ್ಲಿ ಮರೆಯಾಗಿಹೋದ ನಿದರ್ಶನಗಳು ಅನೇಕ. ಕುಮಾರರ ಭಾಗ್ಯವೆಂದರೆ ಅವರು ಮುಂಬಯಿಯಲ್ಲಿ ಪ್ರೊಫೆಸರ್ ಬಿ. ಆರ್. ದೇವಧರರ ಸಂಗೀತ ಶಾಲೆಯನ್ನು ಸೇರಿದ್ದು. ದೇವಧರರು ಪಂಡಿತ ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು. ಆದರೂ ಒಂದೇ ಘರಾಣೆಯ ಬೇಲಿಯೊಳಗೆ ಶಿಷ್ಯರನ್ನು ಕೂಡಿಹಾಕಿದವರಲ್ಲ. ಎಲ್ಲಿಯ ಒಳ್ಳೆಯದೇ ಆಗಲಿ, ಕೇಳಿ ಅರಿಯಬೇಕೆಂಬ ದೃಷ್ಟಿ ಅವರದು. ಅಂಜನೀಬಾಯಿ ಮಾಲ್ಪೇಕರರಿಂದಲೂ ಕುಮಾರರಿಗೆ ಪಾಠ ದೊರೆಯಿತು. ಇಪ್ಪತ್ತರ ಹರೆಯಕ್ಕೆ ಬರುವಷ್ಟರಲ್ಲಿ ಅವರು ದೇಶದ ಮುಂಚೂಣಿಯ ಗಾಯಕರಲ್ಲೊಬ್ಬರಾಗಿದ್ದರು. 1947ರಲ್ಲಿ, ಸ್ವತಃ ಗಾಯಕಿಯಾಗಿದ್ದ ಭಾನುಮತಿಯವರೊಡನೆ ವಿವಾಹವೂ ಆಯಿತು.

ಅದೇ ವರ್ಷ ಕ್ಷಯರೋಗ ಕಾಣಿಸಿಕೊಂಡಿತು.

ಇಂದಿನವರಿಗೆ ಈ ಮಾತಿನ ಭಾರ ಸುಲಭವಾಗಿ ತಿಳಿಯಲಾರದು. ಅಂದು ಕ್ಷಯಕ್ಕೆ ನೇರವಾದ ಮದ್ದೆಂಬುದು ನಮ್ಮ ದೇಶದ ರೋಗಿಗಳ ಕೈಗೆಟುಕುವಂತಿರಲಿಲ್ಲ. ಶುದ್ಧವಾದ ಒಣಹವೆ, ಪುಷ್ಟಿಕರವಾದ ಆಹಾರ, ಹಾಸಿಗೆ ಬಿಟ್ಟೇಳದ ವಿಶ್ರಾಂತಿ, ಇವೇ ಚಿಕಿತ್ಸೆ. ಪುಪ್ಪುಸಕ್ಕೆ ವಿಶ್ರಾಂತಿ ಕೊಡಬೇಕೆಂದು ಎದೆಗೋಡೆಗೂ ಅದಕ್ಕೂ ನಡುವೆ ಸೂಜಿಯಿಂದ ಗಾಳಿ ತುಂಬಿ ಅದನ್ನು ಕುಗ್ಗಿಸುವ ಪದ್ಧತಿಯೊಂದಿತ್ತು. ಅದೂ ಸಾಲದೆ ಹೋದರೆ ಕೆಲವು ಪಕ್ಕೆಲುಬುಗಳನ್ನೇ ಕತ್ತರಿಸಿ ತೆಗೆದು, ಎದೆಯ ಆ ಭಾಗವನ್ನು ಶಾಶ್ವತವಾಗಿ ತಗ್ಗಿಸುವ ಶಸ್ತ್ರಕ್ರಿಯೆಯೂ ಆ ದಶಕಗಳಲ್ಲಿ ಬಳಕೆಯಲ್ಲಿತ್ತು. ಪ್ರಾಣ ಉಳಿದರೆ ಸಾಕೆಂಬವರಿಗೆ ಇವು ವರಗಳೇ. ಆದರೆ ಉಸಿರನ್ನೇ ಬದುಕಿನ ಬಂಡವಾಳವಾಗಿ ಮಾಡಿಕೊಂಡವನಿಗೆ ರೋಗ ಹೇಗೋ ಚಿಕಿತ್ಸೆಯೂ ಹಾಗೆಯೇ ಭಯಂಕರ. ಕುಮಾರರಿಗೆ ವೈದ್ಯರು ಕೊಟ್ಟ ಎಚ್ಚರಿಕೆ ನಿಷ್ಠುರವಾಗಿತ್ತು: ಹಾಡಲು ಯತ್ನಿಸಿದರೆ ಜೀವಕ್ಕೇ ಅಪಾಯ, ಗುಣವಾಗುವ ಭರವಸೆಯೂ ಹೆಚ್ಚಿಲ್ಲ.

ಮುಂಬಯಿಯ ತೇವದ ಹವೆ ಒಗ್ಗದೆಂದು 1948ರ ಆರಂಭದಲ್ಲಿ ದಂಪತಿಗಳು ಮಧ್ಯಭಾರತದ ದೇವಾಸಕ್ಕೆ ಬಂದು ನೆಲೆಸಿದರು. ಮಾಳವದ ಪ್ರಸ್ಥಭೂಮಿಯ ಮೇಲಿರುವ ಈ ಪಟ್ಟಣ ಇಂದೂರಿಗೆ ಹತ್ತಿರ. ಊರ ನಡುವೆ ದೇವಿಯ ಗುಡಿಯಿರುವ ಗುಡ್ಡ, ಒಣಗಾಳಿ, ಗದ್ದಲವಿಲ್ಲದ ಬೀದಿಗಳು. ಭಾನುಮತಿಯವರು ಅಲ್ಲಿ ಶಾಲೆಯ ಶಿಕ್ಷಕಿಯಾಗಿ ದುಡಿಯತೊಡಗಿದರು. ಕುಮಾರ ಗಂಧರ್ವರ ಕಥೆ ಹೇಳುವವರು ಈ ಸಂಗತಿಯನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುವುದು ವಾಡಿಕೆ, ಅದು ಸರಿಯಲ್ಲ. ಹಗಲು ಪಾಠ ಹೇಳಿ, ಉಳಿದ ಹೊತ್ತೆಲ್ಲ ಅಂಟುರೋಗದ ಪತಿಯ ಶುಶ್ರೂಷೆ ಮಾಡಿ, ತಮ್ಮ ಸ್ವಂತ ಗಾಯನವನ್ನು ಬದಿಗಿಟ್ಟು ಆ ಸಾಧ್ವಿ ಕಳೆದ ವರ್ಷಗಳು ಇಲ್ಲದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ. ನಾಲ್ಕು ದಶಕಗಳ ಕಾಲ ದೇಶವನ್ನು ತಣಿಸಿದ ಒಂದು ಕಂಠವನ್ನು ಶಾಲಾ ಶಿಕ್ಷಕಿಯೊಬ್ಬರ ಸಂಬಳ ಕಾಪಾಡಿತೆಂದರೆ ಅತಿಶಯೋಕ್ತಿಯಾಗದು.

ಹಾಸಿಗೆ ಹಿಡಿದ ಗಾಯಕನಿಗೆ ಉಳಿದದ್ದು ಕಿವಿಯೊಂದೇ. ಬಾಲ್ಯದಿಂದಲೂ ಅವರು ಕೇಳಿದ್ದು ಉಸ್ತಾದರ, ಪಂಡಿತರ ಸಂಗೀತವನ್ನು. ಕೇಳಿದೊಡನೆ ಅದನ್ನು ಹಾಡಿ ತೋರಿಸುವ ಆತುರವೂ ಅದರ ಬೆನ್ನಿಗೇ ಇರುತ್ತಿತ್ತು. ಈಗ ಕೇಳಿದ್ದನ್ನು ಹಾಡುವಂತಿಲ್ಲ. ಗಾಳಿಯ ಸದ್ದು, ಹಕ್ಕಿಗಳ ಕೂಗು, ಬೀದಿಯಲ್ಲಿ ಹಾದುಹೋಗುವ ಜೋಗಿಗಳ ಹಾಡು, ಮದುವೆ ಹಬ್ಬ ಹರಿದಿನಗಳಲ್ಲಿ ಮಾಳವದ ಹೆಣ್ಣುಮಕ್ಕಳು ಗುಂಪಾಗಿ ಹಾಡುವ ಪದಗಳು, ಇವೆಲ್ಲ ಕಿಟಕಿಯಿಂದ ಬಂದು ಅವರೊಳಗೆ ನೆಲೆನಿಂತವು. ಆ ಜಾನಪದ ಧಾಟಿಗಳು ಬಹುಮಟ್ಟಿಗೆ ನಾಲ್ಕೈದು ಸ್ವರಗಳಲ್ಲಿಯೇ ಸುಳಿಯುವಂಥವು. ಅಷ್ಟೇ ಸ್ವರಗಳಲ್ಲಿ ಅಷ್ಟೊಂದು ಭಾವ ಹೇಗೆ ಹೊಮ್ಮುತ್ತದೆ, ಪ್ರತಿಯೊಂದು ಧಾಟಿಯ ಒಳಗೂ ಇನ್ನೂ ಹೆಸರಿಡದ ರಾಗವೊಂದು ಹುದುಗಿದೆಯಲ್ಲವೇ ಎಂಬ ಚಿಂತನೆ ಅವರಲ್ಲಿ ಬೇರೂರಿದ್ದು ಆ ದಿನಗಳಲ್ಲಿ. ದೇವಾಸದಲ್ಲಿ ಶೀಲನಾಥರ ಧುನಿಯಿಂದಾಗಿ ನಾಥಪಂಥದ ಸಾಧುಗಳ ಸಂಚಾರವಿತ್ತು. ಕಬೀರ, ಗೋರಖರ ನಿರ್ಗುಣ ಪದಗಳನ್ನು ಅವರು ಹಾಡುತ್ತಿದ್ದ ರೀತಿಯೂ ಕುಮಾರರನ್ನು ಹಿಡಿದು ನಿಲ್ಲಿಸಿತು. ಬಳಿಯಿದ್ದವರಿಗೂ ಕೇಳಿಸದಷ್ಟು ಮೆಲ್ಲಗೆ ಅವರು ಗುನುಗಿಕೊಳ್ಳುತ್ತಿದ್ದರಂತೆ. ವೈದ್ಯರ ಕಟ್ಟಳೆಯನ್ನು ಅವರು ಮೀರಿದ್ದು ಬಹುಶಃ ಅಷ್ಟರಮಟ್ಟಿಗೇ.

ಅತ್ತ ಅಮೆರಿಕೆಯ ನ್ಯೂಜೆರ್ಸಿಯಲ್ಲಿ, ಸೆಲ್ಮನ್ ವಾಕ್ಸ್‌ಮನ್ ಎಂಬ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ, ಅವರ ಶಿಷ್ಯ ಆಲ್ಬರ್ಟ್ ಶಾಟ್ಸ್ 1943ರಲ್ಲಿ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ಎಂಬ ಔಷಧವನ್ನು ಬೇರ್ಪಡಿಸಿದ್ದರು. ಕ್ಷಯದ ಕ್ರಿಮಿಯನ್ನು ಹತ್ತಿಕ್ಕಬಲ್ಲ ಮೊದಲ ಸಮರ್ಥ ಔಷಧ ಇದು. ವಾಕ್ಸ್‌ಮನ್‌ರಿಗೆ ನೊಬೆಲ್ ಪಾರಿತೋಷಕ ಬಂದದ್ದು 1952ರಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಆ ಔಷಧ ದೇವಾಸದ ರೋಗಿಯನ್ನೂ ತಲುಪಿತು. ಇಲ್ಲಿಯೂ ಒಂದು ಕಂಟಕವಿತ್ತು. ಸ್ಟ್ರೆಪ್ಟೊಮೈಸಿನ್ ಕೆಲವರಲ್ಲಿ ಒಳಗಿವಿಯನ್ನು ಕೆಡಿಸುತ್ತದೆ. ಸಮತೋಲ ತಪ್ಪಿಸುತ್ತದೆ, ಕಿವುಡನ್ನೂ ತರಬಲ್ಲದು. ಉಸಿರನ್ನು ಉಳಿಸುವ ಮದ್ದು ಶ್ರುತಿಯನ್ನು ಕಸಿದುಕೊಳ್ಳುವ ಸಾಧ್ಯತೆ! ಆದರೆ ಶ್ರುತಿಗೇನೂ ಊನವಾಗಲಿಲ್ಲ. ತಂಬೂರಿಗಳ ಜೋಡಿಯನ್ನು ಅವರು ಶ್ರುತಿ ಮಾಡುತ್ತಿದ್ದ ಸೂಕ್ಷ್ಮತೆ ಮುಂದೆ ಸಂಗೀತ ಬಲ್ಲವರಲ್ಲಿ ಮನೆಮಾತಾಯಿತು. ಆದರೂ ಪೂರ್ಣ ಆರೋಗ್ಯ ಮರಳಿತೆನ್ನುವಂತಿಲ್ಲ. ಒಂದು ಪುಪ್ಪುಸ ನಿರುಪಯುಕ್ತವಾಗಿಯೇ ಉಳಿಯಿತು.

1953ರಲ್ಲಿ ಅವರು ಮರಳಿ ವೇದಿಕೆಯೇರಿದರು. ನಡುವೆ ಆರು ವರ್ಷಗಳು ಕಳೆದಿದ್ದವು. ಹಳೆಯ ಕುಮಾರನನ್ನು ಕೇಳಬಯಸಿ ಬಂದ ರಸಿಕರಿಗೆ ದೊರೆತದ್ದು ಬೇರೊಬ್ಬ ಗಾಯಕ. ಒಂದೇ ಉಸಿರಿನಲ್ಲಿ ಸಪ್ತಕಗಳನ್ನು ಸುತ್ತಿ ಬರುವ ನಿಡಿದಾದ ತಾನುಗಳು ಇನ್ನು ಸಾಧ್ಯವಿರಲಿಲ್ಲ. ಅವುಗಳ ಜಾಗದಲ್ಲಿ ಚಿಕ್ಕಚಿಕ್ಕ, ಕತ್ತಿಯಂತೆ ಮಿಂಚುವ ಸ್ವರಗುಚ್ಛಗಳು. ಎರಡರ ನಡುವೆ ತಂಬೂರಿಯ ನಾದ ಮಾತ್ರ ಕೇಳುವಂಥ ಬಿಡುವು. ಒಮ್ಮೆಲೇ ತಾರಸಪ್ತಕಕ್ಕೆ ನೆಗೆದು, ಮರುಕ್ಷಣದಲ್ಲಿ ಪಿಸುಮಾತಿನಷ್ಟು ಇಳಿಯುವ ದನಿ. ಬಿಡುವಿನಲ್ಲಿ ಅವರು ಉಸಿರು ತುಂಬಿಕೊಳ್ಳುತ್ತಿದ್ದರೆಂಬುದು ನಿಜ. ಆದರೆ ಕೇಳುವವನಿಗೆ ಅದು ದಣಿವೆಂದು ತೋರದೆ, ಮುಂದಿನ ಸ್ವರಕ್ಕಾಗಿ ಕಾಯುವ ಕ್ಷಣವಾಗಿ ತೋರಿತು.

ಈ ಹೊಸ ಗಾಯನ ಶೈಲಿ ರೋಗದ ಫಲವೋ, ಸ್ವತಂತ್ರ ವಿಚಾರದ ಫಲವೋ ಎಂಬ ಚರ್ಚೆ ಅವರ ಜೀವಿತಕಾಲದಲ್ಲಿಯೇ ಹುಟ್ಟಿ ಇಂದಿಗೂ ನಡೆದಿದೆ. ಕೊರತೆಯನ್ನೇ ಗುಣವೆಂದು ಮೆರೆಸಿದರು ಎಂದವರುಂಟು. ಈ ಟೀಕೆ ಅರ್ಧ ಮಾತ್ರ ಸರಿ. ಪುಪ್ಪುಸ ಕುಂದಿದ ಗಾಯಕರು ಹಿಂದೆಯೂ ಇದ್ದಿರಬೇಕು. ಅವರೆಲ್ಲರೂ ಹೊಸದೊಂದು ಮಾರ್ಗವನ್ನು ಕಡೆದು ನಿಲ್ಲಿಸಲಿಲ್ಲ. ರೋಗವು ಮಾಡಿದ ಕೆಲಸ ಬೇರೆಯೇ ಎಂದು ತೋರುತ್ತದೆ. ಹಿರಿಯರ ಗಾಯನವನ್ನು ಯಥಾವತ್ತಾಗಿ ಹಾಡುವ ಶಕ್ತಿ ಯಾರನ್ನು ಏಳರ ವಯಸ್ಸಿನಿಂದ ಹೊತ್ತು ಮೆರೆಸಿತ್ತೋ ಅವರಿಗೆ ಆ ದಾರಿಯನ್ನು ಅದು ಮುಚ್ಚಿಬಿಟ್ಟಿತು. ಪರರ ಉಸಿರಿನ ಅಳತೆಯಲ್ಲಿ ಹಾಡಲು ಅವರಿಗೆ ಆಗದಾಯಿತು; ತಮ್ಮ ಉಸಿರಿನ ಅಳತೆಯನ್ನು ತಾವೇ ಕಂಡುಕೊಳ್ಳಬೇಕಾಯಿತು. ಆ ಹುಡುಕಾಟಕ್ಕೆ ಬೇಕಾದ ಧೈರ್ಯ ದೇವಧರರ ಶಾಲೆಯಲ್ಲಿಯೇ ಬಂದಿತ್ತು. ಸವಾಯಿ ಗಂಧರ್ವ, ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರನ್ನು ಕೊಟ್ಟ ನಮ್ಮ ಉತ್ತರ ಕರ್ನಾಟಕದ ನೆಲದಲ್ಲಿ ಹುಟ್ಟಿಯೂ ಯಾವ ಘರಾಣೆಯ ಮುದ್ರೆಯನ್ನೂ ಧರಿಸದೆ ಅವರು ನಿಂತದ್ದು ಹೀಗೆ. ಘರಾಣೆಗಳ ಅಭಿಮಾನಿಗಳಿಗೆ ಇದು ಹಿಡಿಸಲಿಲ್ಲವೆಂಬುದನ್ನೂ ಮುಚ್ಚಿಡಬೇಕಾಗಿಲ್ಲ.

ಹಾಸಿಗೆಯ ಮೇಲೆ ಕೇಳಿದ್ದು ಒಂದೊಂದಾಗಿ ಫಲ ಕೊಟ್ಟಿತು. ಜಾನಪದ ಧಾಟಿಗಳಿಂದ ಮಾಲವತಿ, ಸಂಜಾರಿ, ಲಗನಗಾಂಧಾರ, ಸಹೇಲಿ ತೋಡಿ ಮೊದಲಾದ ರಾಗಗಳು ರೂಪುಗೊಂಡವು. 1965ರಲ್ಲಿ ಅವರ ಬಂದಿಶುಗಳ ಸಂಗ್ರಹ ‘ಅನೂಪರಾಗವಿಲಾಸ’ ಪ್ರಕಟವಾಯಿತು. ಮಾಳವದ ಹೆಣ್ಣುಮಕ್ಕಳ ಹಾಡುಗಳನ್ನೇ ಮುಂದಿಟ್ಟು ಕಚೇರಿ ಮಾಡಿದರು. ವರ್ಷಾ, ಹೇಮಂತ, ವಸಂತ ಋತುಗಳಿಗೆ ಒಂದೊಂದು ಪ್ರತ್ಯೇಕ ಕಾರ್ಯಕ್ರಮವನ್ನು ಹೆಣೆದರು. ಗಾಂಧೀಜಿಯವರ ಜನ್ಮಶತಾಬ್ದಿಗೆ ಗಾಂಧಿ ಮಲ್ಹಾರ ರಾಗವನ್ನು ರಚಿಸಿದರು. ಕಬೀರನ ನಿರ್ಗುಣ ಪದಗಳನ್ನಂತೂ ಅವರು ಹಾಡಿದ ಬಗೆಯಿಂದಲೇ ಇಂದು ಅಸಂಖ್ಯ ಜನ ಅರಿತಿದ್ದಾರೆ. 1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಬಂದವು. ಬೆಳಗಾವಿಯಲ್ಲಿ ರಂಗಮಂದಿರವೊಂದು ಅವರ ಹೆಸರನ್ನು ಹೊತ್ತು ನಿಂತಿದೆ.

ಭಾನುಮತಿಯವರು ಇದರ ಆರಂಭವನ್ನಷ್ಟೇ ಕಂಡರು. ಪತಿ ವೇದಿಕೆಗೆ ಮರಳಿದ ಎಂಟು ವರ್ಷಗಳ ತರುವಾಯ, 1961ರಲ್ಲಿ, ಎರಡನೆಯ ಮಗನ ಹೆರಿಗೆಯ ಸಂದರ್ಭದಲ್ಲಿ ಅವರು ತೀರಿಕೊಂಡರು. ಮರುವರ್ಷ ಕುಮಾರರು ವಸುಂಧರಾ ಶ್ರೀಖಂಡೆಯವರನ್ನು ವಿವಾಹವಾದರು. ವಸುಂಧರಾ ಅವರು ಮನೆಯಲ್ಲಿಯೂ ವೇದಿಕೆಯಲ್ಲಿಯೂ ಕೊನೆಯವರೆಗೆ ಅವರ ಜೊತೆಗಾರ್ತಿಯಾಗಿದ್ದರು. ರೋಗ ವಾಸಿಯಾದ ಮೇಲೂ ಕುಮಾರರು ಮುಂಬಯಿಗೆ ಮರಳದೆ ದೇವಾಸದಲ್ಲಿಯೇ ಉಳಿದರು. ಒಂದೇ ಪುಪ್ಪುಸದ ಬಲದಿಂದ ಮೂವತ್ತೆಂಟು ವರ್ಷಗಳಿಗೂ ಮಿಕ್ಕಿ ಹಾಡಿ, 1992ರ ಜನವರಿ 12ರಂದು ಅಲ್ಲಿಯೇ ನಿಧನರಾದರು. ದೇವಾಸದ ಅವರ ಮನೆಯ ಹೆಸರು ‘ಭಾನುಕುಲ’.